ಕಳೆದುಹೋದುದನ್ನು ಹುಡುಕುವ ಹಬ್ಬ

ಪ್ರತಿ ವರ್ಷವೂ ಜೂನ್ 13ರಂದು ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ ನಡೆಯುತ್ತದೆ. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಸೀಮೆಗೆ ಸೇರಿದ ಈ ಊರು ಹೊಳೆನರಸೀಪುರ, ಅರಕಲಗೂಡು, ಮಲ್ಲಿಪಟ್ಟಣಗಳ ಕಡೆಯ ನಮಗೆ ದೂರದ್ದೇನಲ್ಲ. ಮುಂಗಾರು ಹಿಡಿಯುವ ಆ ದಿನಗಳಲ್ಲಿ ಕ್ರೈಸ್ತರೊಡನೆ ಹಿಂದೂಗಳೂ ಮುಸಲ್ಮಾನರೂ ಅಲ್ಲಿಗೆ ಹೋಗುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ಹರಕೆ ಒಪ್ಪಿಸುತ್ತಾರೆ. ಕಳೆದ ಒಡವೆ ಸಿಗಬೇಕಾದರೆ ಅಂತೋಣಿಯವರನ್ನು ನೆನೆಯಬೇಕೆಂಬುದು ಜನದ ನಂಬಿಕೆ. ಆದರೆ ಈ ಅಂತೋಣಿಯವರು ಯಾರು, ಅವರ ದಿನವನ್ನು ಕ್ರೈಸ್ತರು ಯಾವ ಅರ್ಥದಲ್ಲಿ ಆಚರಿಸುತ್ತಾರೆ ಎಂದು ಕೇಳಿದರೆ ಹೋಗಿ ಬಂದವರಲ್ಲಿಯೂ ಹಲವರು ಸುಮ್ಮನಾಗುತ್ತಾರೆ. ನೆರೆಯವರ ಹಬ್ಬದಲ್ಲಿ ಪಾಲುಗೊಂಡ ಮೇಲೆ ಅದರ ಅರ್ಥವನ್ನೂ ತಿಳಿಯುವುದು ಮರ್ಯಾದೆಯಲ್ಲವೆ?

ಅಂತೋಣಿಯವರು ಹುಟ್ಟಿದ್ದು ಸುಮಾರು 1195ರಲ್ಲಿ, ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಫೆರ್ನಾಂಡೊ. ಸಿರಿವಂತರ ಮಗ, ಎಳೆಯ ವಯಸ್ಸಿನಲ್ಲಿಯೇ ಮಠವನ್ನು ಸೇರಿ ಶಾಸ್ತ್ರವನ್ನು ಆಳವಾಗಿ ಓದಿದವರು. 1220ರಲ್ಲಿ ಮೊರಾಕ್ಕೊ ದೇಶದಲ್ಲಿ ಫ್ರಾನ್ಸಿಸ್ಕನ್ ಪಂಥದ ಐವರು ಸನ್ಯಾಸಿಗಳು ಧರ್ಮಕ್ಕಾಗಿ ಪ್ರಾಣ ಕೊಟ್ಟರು. ಅವರ ಅವಶೇಷಗಳನ್ನು ಪೋರ್ಚುಗಲ್ಲಿಗೆ ತಂದಾಗ ಈ ತರುಣನ ಮನಸ್ಸು ಕಲಕಿತು. ಅಸ್ಸಿಸಿಯ ಫ್ರಾನ್ಸಿಸರ ಬಡ ಸನ್ಯಾಸಿಗಳ ಗುಂಪನ್ನು ಸೇರಿ ಅಂತೋಣಿ ಎಂದು ಹೆಸರು ತಳೆದರು. ತಾವೂ ಮೊರಾಕ್ಕೊಗೆ ಹೊರಟರು. ಕಾಯಿಲೆ ಬಿದ್ದು ಹಿಂದಿರುಗುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. ಹೀಗೆ ಇಟಲಿಯೇ ಅವರ ಕರ್ಮಭೂಮಿಯಾಯಿತು. ಅಲ್ಲಿಯೂ ಫ್ರಾನ್ಸಿನ ದಕ್ಷಿಣ ಭಾಗದಲ್ಲಿಯೂ ಊರೂರು ತಿರುಗಿ ಉಪದೇಶ ಮಾಡಿದರು. 1231ರ ಜೂನ್ 13ರಂದು ಪಾದುವಾ ನಗರದ ಬಳಿ ದೇಹಬಿಟ್ಟರು. ಒಂದು ವರ್ಷ ತುಂಬುವುದರೊಳಗಾಗಿ, 1232ರ ಮೇ 30ರಂದು, ಪೋಪ್ ಒಂಬತ್ತನೆಯ ಗ್ರೆಗೊರಿಯವರು ಅವರನ್ನು ಸಂತರೆಂದು ಸಾರಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಜೂನ್ 13 ಅವರ ಹುಟ್ಟಿದ ದಿನವಲ್ಲ, ಮರಣದ ದಿನ. ಸಾಯುವ ದಿನವೇ ಸಂತನು ದೇವರ ಸನ್ನಿಧಿಯಲ್ಲಿ ಹುಟ್ಟುವ ದಿನವೆಂದು ಕ್ರೈಸ್ತರು ಭಾವಿಸುತ್ತಾರೆ. ರಾಘವೇಂದ್ರಸ್ವಾಮಿಗಳು ಬೃಂದಾವನ ಪ್ರವೇಶಿಸಿದ ತಿಥಿಯಲ್ಲಿ ಆರಾಧನೆ ನಡೆಯುವುದನ್ನೂ, ಸೂಫಿ ಸಂತರ ಪುಣ್ಯದಿನದಂದು ಉರುಸು ನಡೆಯುವುದನ್ನೂ ಬಲ್ಲ ನಮಗೆ ಈ ಭಾವನೆ ಅಪರಿಚಿತವಲ್ಲ. ಇನ್ನೊಂದು ಮಾತು: ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು, ಸಂತರಿಗೆ ಸಲ್ಲುವುದು ಗೌರವ ಮಾತ್ರ ಎಂಬುದು ಕಥೋಲಿಕರ ಬೋಧನೆ. ಸಂತನು ವರವನ್ನು ಕೊಡುವವನಲ್ಲ; ನಮ್ಮೊಡನೆ ನಿಂತು ನಮಗಾಗಿ ದೇವರನ್ನು ಬೇಡುವವನು.

ಹಾಗಾದರೆ ಕಳೆದ ವಸ್ತುವಿನ ಮಾತು ಎಲ್ಲಿಂದ ಬಂತು? ಅಂತೋಣಿಯವರ ಬಳಿ ಕೀರ್ತನೆಗಳ ಒಂದು ಕೈಬರಹದ ಪುಸ್ತಕವಿತ್ತಂತೆ. ಪಾಠ ಹೇಳುವುದಕ್ಕೆಂದು ಅದರಲ್ಲಿ ತಾವೇ ಟಿಪ್ಪಣಿಗಳನ್ನು ಬರೆದುಕೊಂಡಿದ್ದರು. ಅಚ್ಚುಕೂಟವಿಲ್ಲದ ಆ ಕಾಲದಲ್ಲಿ ಅಂಥ ಪುಸ್ತಕದ ಬೆಲೆ ಎಷ್ಟೆಂಬುದನ್ನು ನಮ್ಮ ಓಲೆಗರಿಗಳನ್ನು ಕಂಡವರು ಬಲ್ಲರು. ಮಠವನ್ನು ಬಿಟ್ಟು ಹೊರಟ ಒಬ್ಬ ಎಳೆಯ ಶಿಷ್ಯ ಅದನ್ನು ಎತ್ತಿಕೊಂಡು ಹೋದ. ಗುರುಗಳು ಪ್ರಾರ್ಥಿಸಿದರು. ಹುಡುಗನ ಮನಸ್ಸು ತಿರುಗಿತು. ಪುಸ್ತಕವನ್ನು ತಂದೊಪ್ಪಿಸಿ ತಾನೂ ಮಠಕ್ಕೆ ಮರಳಿದ. ಐತಿಹ್ಯ ಇಷ್ಟೇ. ಜನ ಇದರಲ್ಲಿ ಸಿಕ್ಕಿದ ಪುಸ್ತಕವನ್ನು ನೆನಪಿಟ್ಟುಕೊಂಡಿದ್ದಾರೆ. ಆದರೆ ನಿಜವಾಗಿ ಕಳೆದುಹೋಗಿದ್ದವನು ಹುಡುಗ. ನಿಜವಾಗಿ ದೊರೆತವನೂ ಅವನೇ. ನೂರು ಕುರಿಗಳಲ್ಲಿ ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೊರಟ ಕುರುಬನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದೂ ಈ ಅರ್ಥದಲ್ಲಿಯೇ. ಹಬ್ಬದ ತಿರುಳು ಇಲ್ಲಿದೆ.

ಅಂತೋಣಿಯವರ ಬಾಳಿನ ಕಡೆಯ ತಿಂಗಳುಗಳ ಸಂಗತಿಯೊಂದು ಇದನ್ನೇ ತೋರಿಸುತ್ತದೆ. ಆಗ ಪಾದುವಾದಲ್ಲಿ ಸಾಲ ತೀರಿಸಲಾರದವನನ್ನು ಸೆರೆಮನೆಗೆ ನೂಕುತ್ತಿದ್ದರು. ಬಡ್ಡಿಯವರ ಕ್ರೌರ್ಯವನ್ನು ಅಂತೋಣಿಯವರು ಬಹಿರಂಗವಾಗಿ ಖಂಡಿಸಿದರು. 1231ರ ಮಾರ್ಚ್ ತಿಂಗಳಲ್ಲಿ, ಅವರ ಕೋರಿಕೆಯಂತೆ, ಆ ನಗರ ಒಂದು ಕಟ್ಟಳೆಯನ್ನು ಮಾಡಿತು: ತನ್ನ ಸ್ವತ್ತನ್ನೆಲ್ಲ ಸಾಲಗಾರರಿಗೆ ಒಪ್ಪಿಸಿದವನನ್ನು ಇನ್ನು ಸೆರೆಯಲ್ಲಿಡುವಂತಿಲ್ಲ. ಸಾಲದ ಸಂಕಟವನ್ನು ಕಂಡುಂಡ ನಮ್ಮ ರೈತಾಪಿ ಸೀಮೆಗೆ ಈ ಕಟ್ಟಳೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಾಜ ಕಳೆದುಕೊಂಡಿದ್ದ ಮನುಷ್ಯನನ್ನು ಹೀಗೂ ಹುಡುಕಿ ತರಬಹುದು.

ಅವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿಯೂ ಲೋಕದಲ್ಲಿ ಹಬ್ಬಿದೆ. ನೀರಿನಲ್ಲಿ ಮುಳುಗಿದ ಮಗು ಬದುಕಿದರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುವೆನೆಂದು ಪಾದುವಾದ ತಾಯಿಯೊಬ್ಬಳು ಹೊತ್ತ ಹರಕೆ ಇದಕ್ಕೆ ಮೂಲವೆನ್ನುತ್ತಾರೆ. ನಮ್ಮ ತುಲಾಭಾರವೇ ಸರಿ. ಆದರೆ ತಕ್ಕಡಿಯಿಂದ ಇಳಿದ ಧಾನ್ಯ ಸೇರಬೇಕಾದ್ದು ಹಸಿದವನ ಮಡಿಲನ್ನು. ದಾಸೋಹದ ನಾಡಿನವರಿಗೆ ಇದು ಹತ್ತಿರದ ಮಾತು.

ದೋರನಹಳ್ಳಿಯಲ್ಲಿಯೂ ನೆಲ ಉಳುತ್ತಿದ್ದ ರೈತನಿಗೆ ಸಂತರ ಮರದ ವಿಗ್ರಹ ದೊರೆಯಿತೆಂಬುದು ಸ್ಥಳದ ಐತಿಹ್ಯ. 2019ರಲ್ಲಿ ಅಲ್ಲಿಯ ದೇವಾಲಯಕ್ಕೆ ಬಸಿಲಿಕಾ ಎಂಬ ಗೌರವ ಸಂದಿತು. ವಿಗ್ರಹದ ಒಂದೊಂದು ಲಕ್ಷಣಕ್ಕೂ ಅರ್ಥವುಂಟು. ಕೈಯಲ್ಲಿಯ ಪುಸ್ತಕ ಧರ್ಮಗ್ರಂಥ. ಬಿಳಿಯ ಲಿಲ್ಲಿ ಹೂವು ಶುದ್ಧವಾದ ಬಾಳು. ತೋಳಿನಲ್ಲಿಯ ಶಿಶು ಬಾಲಯೇಸು. ಓದು, ನಡತೆ, ಪ್ರೀತಿ ಮೂರೂ ಒಂದೆಡೆ ಸೇರಿವೆ.

ಹರಕೆ ಹೊರುವುದು ತಪ್ಪೆಂದು ಯಾರೂ ಹೇಳಲಾರರು. ಕಳೆದ ಉಂಗುರಕ್ಕಾಗಿ ಮೇಣದ ಬತ್ತಿ ಹಚ್ಚುವವರು, ಮುನಿಸಿಕೊಂಡು ಮನೆ ಬಿಟ್ಟ ತಮ್ಮನನ್ನೂ, ಸಾಲಕ್ಕೆ ಹೆದರಿ ತಲೆಮರೆಸಿಕೊಂಡ ನೆರೆಯವನನ್ನೂ ಅದೇ ಬೆಳಕಿನಲ್ಲಿ ನೆನೆದು ಹುಡುಕಲು ಹೊರಟರೆ, ಹಬ್ಬ ಸಾರ್ಥಕವಾಗುತ್ತದೆ.