ಹೋಟೆಲಿನ ಅಡುಗೆಮನೆಯ ಶೈತ್ಯಯಂತ್ರ: ವಿದ್ಯುತ್ ವೆಚ್ಚ ಸೋರುವುದೆಲ್ಲಿ?

ಹೋಟೆಲು, ಬೇಕರಿ ಹಾಗೂ ಸಿಹಿತಿಂಡಿ ಮಳಿಗೆಗಳ ಮಾಲೀಕರು ಗ್ಯಾಸ್ ಸಿಲಿಂಡರುಗಳ ಲೆಕ್ಕವನ್ನು ದಿನಂಪ್ರತಿ ಇಡುತ್ತಾರೆ. ಎಣ್ಣೆ, ಬೇಳೆ, ಕಾಫಿಪುಡಿಗಳಿಗೂ ದಾಸ್ತಾನು ಪುಸ್ತಕವಿರುತ್ತದೆ. ಆದರೆ ಅಡುಗೆಮನೆಯ ಮೂಲೆಯಲ್ಲಿ ಹಗಲಿರುಳು ದುಡಿಯುವ ಫ್ರಿಜ್ ಮತ್ತು ಡೀಪ್ ಫ್ರೀಜರುಗಳ ಖರ್ಚನ್ನು ಬೇರೆಯಾಗಿ ಬಲ್ಲವರು ವಿರಳ. ರಾತ್ರಿ ಒಲೆ ಆರುತ್ತದೆ, ಗ್ರೈಂಡರು ನಿಲ್ಲುತ್ತದೆ; ಈ ಯಂತ್ರಕ್ಕೆ ಮಾತ್ರ ವಾರದ ರಜೆಯೂ ಇಲ್ಲ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 300 ವ್ಯಾಟ್ ಸಾಮರ್ಥ್ಯದ ಯಂತ್ರದ ಕಂಪ್ರೆಸರ್ ದಿನಕ್ಕೆ 16 ಗಂಟೆ ಓಡಿದರೆ 4.8 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ಯೂನಿಟ್ಟಿಗೆ 8 ರೂ. ಎಂದು ಭಾವಿಸಿದರೆ ವರ್ಷಕ್ಕೆ ಸುಮಾರು 14,000 ರೂ. ಅದೇ ಕಂಪ್ರೆಸರ್ 21 ಗಂಟೆ ಓಡುವಂತಾದರೆ ವೆಚ್ಚ 18,400 ರೂ. ಸಮೀಪಿಸುತ್ತದೆ. ಒಳಗಿನ ಹಾಲು ಎರಡೂ ಸಂದರ್ಭಗಳಲ್ಲಿ ಅಷ್ಟೇ ತಣ್ಣಗಿರುತ್ತದೆ. ಆದಕಾರಣ ಮಾಲೀಕರಿಗೆ ವ್ಯತ್ಯಾಸ ಗೋಚರಿಸುವುದೇ ಇಲ್ಲ. ಇಂತಹ ನಾಲ್ಕು ಯಂತ್ರಗಳಿದ್ದಲ್ಲಿ ವರ್ಷಕ್ಕೆ 17,000 ರೂ.ಗಳಿಗೂ ಮಿಕ್ಕಿ ಹಣ ಸದ್ದಿಲ್ಲದೆ ಹೋಗುತ್ತದೆ.

ಈ ಹೆಚ್ಚುವರಿ ಐದು ಗಂಟೆಗಳು ಬರುವುದೆಲ್ಲಿಂದ? ಫ್ರಿಜ್ ತಂಪನ್ನು ಉತ್ಪಾದಿಸುವುದಿಲ್ಲ; ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಆ ಶಾಖವನ್ನು ಹೊರಗಿನ ಗಾಳಿಗೆ ಬಿಡುವ ಭಾಗವೇ ಕಂಡೆನ್ಸರ್. ದೋಸೆ ಕಾವಲಿಯ ಪಕ್ಕದಲ್ಲಿ, ಗೋಡೆಗೆ ಅಂಟಿಸಿದಂತೆ ಫ್ರಿಜ್ ನಿಲ್ಲಿಸಿದರೆ ಬಿಸಿ ಗಾಳಿಗೇ ಮತ್ತೆ ಶಾಖವನ್ನು ಸುರಿಯಬೇಕಾಗಿ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಒಗ್ಗರಣೆಯ ಜಿಡ್ಡು, ಬೇಕರಿಯ ಮೈದಾ ಧೂಳು ಕಂಡೆನ್ಸರಿನ ಮೇಲೆ ಕಂಬಳಿಯಂತೆ ಕೂತರೆ ಆಗುವುದೂ ಇದೇ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಮೆತ್ತನೆಯ ಬ್ರಷ್‌ನಿಂದ ಶುಚಿಗೊಳಿಸಲು ಅರ್ಧ ಗಂಟೆ ಸಾಕು. ಇದಕ್ಕೆ ಖರ್ಚಿಲ್ಲವಾದ್ದರಿಂದಲೇ ಏನೋ, ಇದನ್ನು ಯಾರೂ ಮಾಡುವುದಿಲ್ಲ. ಬೆಂಗಳೂರಿನ ಹವೆಯಲ್ಲಿ ನಡೆದುಹೋಗುವ ಈ ಉದಾಸೀನ ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನಡೆಯದು. ಕರಾವಳಿಯಲ್ಲಂತೂ ಉಪ್ಪುಗಾಳಿ ಲೋಹದ ಭಾಗಗಳನ್ನೇ ತಿನ್ನುತ್ತದೆ.

ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಮತ್ತೊಂದು ಸೋರಿಕೆಯ ಸ್ಥಳ. ಒಂದು ಕಾಗದದ ತುಂಡನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಸರಾಗವಾಗಿ ಬಂದರೆ ಗ್ಯಾಸ್ಕೆಟ್ ಸಡಿಲವಾಗಿದೆಯೆಂದೇ ಅರ್ಥ. ಸಂದಿನಿಂದ ನುಗ್ಗುವ ತೇವಾಂಶ ಒಳಗೆ ಮಂಜಾಗಿ ಗಟ್ಟುತ್ತದೆ; ಆ ಮಂಜು ಶಾಖ ಹರಿಯದಂತೆ ತಡೆದು ಕಂಪ್ರೆಸರಿನ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಉಷ್ಣತೆಯ ವಿಷಯದಲ್ಲಿ ಎಚ್ಚರಿಕೆ ಎರಡೂ ಕಡೆಗೆ ಬೇಕು. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಶೀತಲ ಆಹಾರ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ, ಘನೀಕರಿಸಿದ ಆಹಾರ ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಆದರೆ ಭದ್ರತೆಯ ಹೆಸರಿನಲ್ಲಿ ಫ್ರೀಜರನ್ನು ಮೈನಸ್ 24ಕ್ಕೆ ಇಳಿಸುವುದು ದಂಡ. ತಂಪುಗೊಳಿಸುವ ಕಾಯಿಲಿನ ಉಷ್ಣತೆಯನ್ನು 1 ಡಿಗ್ರಿ ಏರಿಸಿದರೆ ಸುಮಾರು ಶೇ. 3ರಷ್ಟು ವಿದ್ಯುತ್ ಉಳಿಯುತ್ತದೆ. ತಿರುಗಣೆಯ ಮೇಲಿನ 1, 2, 3 ಅಂಕಿಗಳು ಡಿಗ್ರಿಗಳಲ್ಲ. ಆದ್ದರಿಂದ ಒಳಗೊಂದು ಥರ್ಮಾಮೀಟರ್ ಇಡುವುದು ಅವಶ್ಯ.

ಇನ್ನು ಉಳಿದ ಸಾಂಬಾರಿನ ಪ್ರಶ್ನೆ. 80 ಡಿಗ್ರಿಯ 20 ಲೀಟರ್ ಸಾಂಬಾರನ್ನು ಹಾಗೆಯೇ ಫ್ರಿಜ್‌ಗೆ ಇಟ್ಟರೆ, 5 ಡಿಗ್ರಿಗೆ ಇಳಿಸಲು ಯಂತ್ರವು ಸುಮಾರು 1.75 ಯೂನಿಟ್‌ನಷ್ಟು ಶಾಖವನ್ನು ಹೊರಸಾಗಿಸಬೇಕು. 35 ಡಿಗ್ರಿಗೆ ಆರಿಸಿ ಇಟ್ಟರೆ ಈ ಹೊರೆ 0.7 ಯೂನಿಟ್‌ಗೆ ಇಳಿಯುತ್ತದೆ. ಹಾಗೆಂದು ರಾತ್ರಿಯಿಡೀ ಹೊರಗೆ ಬಿಡುವಂತಿಲ್ಲ. 5ರಿಂದ 60 ಡಿಗ್ರಿಗಳ ನಡುವೆ ರೋಗಾಣುಗಳು ಬೆಳೆಯುತ್ತವೆ. ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಬೇಗನೆ ಆರಿಸುವುದೇ ಸರಿಯಾದ ಮಾರ್ಗ. ಇಡ್ಲಿ ಹಿಟ್ಟಿನ ಪಾತ್ರೆಗಳನ್ನು ಫ್ಯಾನಿಗೆ ಅಡ್ಡವಾಗಿ ಒತ್ತೊತ್ತಾಗಿ ಜೋಡಿಸುವ ಪರಿಪಾಠವೂ ನಿಲ್ಲಬೇಕು. ಗಾಳಿ ಆಡದಿದ್ದರೆ ಮುಂದಿನ ಪಾತ್ರೆ ತಣ್ಣಗಿದ್ದು ಹಿಂದಿನದು ಹುಳಿಯಾಗುತ್ತದೆ.

ರಾತ್ರಿ ಫ್ರಿಜ್ ಆರಿಸಿ ಹೋಗುವ ಅಭ್ಯಾಸ ಕೆಲವೆಡೆ ಇದೆ. ಬಾಟಲಿಯ ತಂಪು ಪಾನೀಯಗಳು ಮಾತ್ರ ಇರುವ ಗಾಜಿನ ಬಾಗಿಲಿನ ಕೂಲರಿಗೆ ಇದು ಒಪ್ಪಬಹುದಾದ ಕ್ರಮ. ಹಾಲು, ಪನೀರು, ಕೆನೆ, ಮಾಂಸಗಳಿರುವ ಯಂತ್ರಕ್ಕೆ ಸರ್ವಥಾ ಸಲ್ಲದು. ಹತ್ತಿಪ್ಪತ್ತು ರೂಪಾಯಿಗಳ ವಿದ್ಯುತ್ ಉಳಿಸಲು ಸಾವಿರಾರು ರೂಪಾಯಿಗಳ ಸರಕನ್ನೂ ಗಿರಾಕಿಯ ಆರೋಗ್ಯವನ್ನೂ ಪಣಕ್ಕಿಡುವುದು ವ್ಯಾಪಾರವೆನಿಸದು.

ಹೊಸ ಯಂತ್ರ ಕೊಳ್ಳುವ ಮುನ್ನ ಹಳೆಯದರ ನಿಜವಾದ ಬಳಕೆಯನ್ನು ಅಳೆಯುವುದು ಉತ್ತಮ. ಪ್ಲಗ್ಗಿಗೆ ಜೋಡಿಸುವ ಸಣ್ಣ ಎನರ್ಜಿ ಮೀಟರುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಶುಚಿಗೊಳಿಸುವ ಮುನ್ನ ಒಂದು ವಾರ, ಅನಂತರ ಒಂದು ವಾರ ಅಳೆದರೆ ಯಂತ್ರದ ದೋಷವೆಷ್ಟು, ನಿರ್ವಹಣೆಯ ದೋಷವೆಷ್ಟು ಎಂಬುದು ಸ್ಪಷ್ಟವಾಗುತ್ತದೆ. ಕೊಳ್ಳುವುದೇ ಆದಲ್ಲಿ, ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಗುರುತಿನ ವ್ಯಾಪ್ತಿಗೆ ಡೀಪ್ ಫ್ರೀಜರುಗಳೂ 2020ರಲ್ಲಿ ಸೇರಿರುವುದನ್ನು ಗಮನಿಸಬೇಕು. ಬೆಲೆಯ ವ್ಯತ್ಯಾಸವನ್ನು ವರ್ಷಕ್ಕೆ ಉಳಿಯುವ ಯೂನಿಟ್‌ಗಳ ರೂಪಾಯಿ ಮೌಲ್ಯದಿಂದ ಭಾಗಿಸಿ ನೋಡಿದರೆ ಎಷ್ಟು ವರ್ಷಗಳಲ್ಲಿ ಹಣ ಮರಳುವುದೆಂದು ತಿಳಿಯುತ್ತದೆ. ತಂಪು ಪಾನೀಯ ಕಂಪನಿಗಳು ಉಚಿತವಾಗಿ ಇರಿಸಿಹೋಗುವ ಕೂಲರುಗಳಿಗೂ ಇದೇ ಅಳತೆ ಅನ್ವಯಿಸುತ್ತದೆ. ಯಂತ್ರ ಅವರದಾದರೂ ವಿದ್ಯುತ್ ಬಿಲ್ಲು ಅಂಗಡಿಯವರದು. ಆ ಕಂಪನಿಯ ಪಾನೀಯಗಳಿಂದ ತಿಂಗಳಿಗೆ ದೊರೆಯುವ ಲಾಭವನ್ನು ಕೂಲರಿನ ಮೀಟರ್ ಅಂಕಿಯ ಪಕ್ಕದಲ್ಲಿ ಬರೆದು ನೋಡಿದ ಮೇಲೆಯೇ ಅದನ್ನು ಉಳಿಸಿಕೊಳ್ಳುವ ನಿರ್ಧಾರ ಮಾಡಬೇಕು.