ಜೈಪುರ ಕಾಲು: ಮತ್ತೆ ಗದ್ದೆಗೆ, ಮತ್ತೆ ವೇದಿಕೆಗೆ

ಕೃತಕ ಕಾಲು ಮೊದಲೂ ಇತ್ತು. ಆದರೆ ಅದಕ್ಕೆ ಶೂ ಬೇಕು. ಕುಕ್ಕರಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರುಗದ್ದೆಗೆ ಇಳಿಯಲಾಗದು. ರೈತನಿಗೆ ಅದರಿಂದೇನು ಬಂತು?

1960ರ ದಶಕದ ಕೊನೆಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾ. ಪಿ. ಕೆ. ಸೇಠಿ ಸೇರಿ ರಬ್ಬರಿನ ಪಾದ ರೂಪಿಸಿದರು. ಅದೇ ಜೈಪುರ ಕಾಲು. ಬರಿಗಾಲಲ್ಲೇ ನಡೆಯಬಹುದು, ನೀರಿಗಿಳಿಯಬಹುದು. ಹೆಚ್ಚು ಓದದ ಶರ್ಮಾ ಅವರ ಕೈಚಳಕಕ್ಕೆ ನಾವು ಇನ್ನೂ ಸಾಕಷ್ಟು ಗೌರವ ಕೊಟ್ಟಿಲ್ಲ.

1981ರ ಬಸ್ ಅಪಘಾತದ ನಂತರ ಬಲಗಾಲು ಕಳೆದುಕೊಂಡ ನೃತ್ಯಗಾತಿ ಸುಧಾ ಚಂದ್ರನ್, ಇದೇ ಕಾಲು ಕಟ್ಟಿಕೊಂಡು 1984ರಲ್ಲಿ ಭರತನಾಟ್ಯಕ್ಕೆ ಮರಳಿದರು. ಅಭ್ಯಾಸದಲ್ಲಿ ರಕ್ತ ಸೋರುತ್ತಿತ್ತು.

ಹೌದು, ಹೊಸದಾಗಿ ಕೃತಕ ಕಾಲು ಕಟ್ಟಿಕೊಂಡವರಿಗೆ ಮೊದಮೊದಲು ನೋಯುತ್ತದೆ. ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗದ ಊತ ಇಳಿದಂತೆ ಅಳತೆಯೂ ಬದಲಾಗುತ್ತದೆ. ಸಡಿಲವಾಯಿತೆಂದು ಮೂಲೆಗೆ ಇಡಬೇಡಿ. ಕಾಲು ಕೊಟ್ಟಲ್ಲಿಗೆ ಮತ್ತೆ ಹೋಗಿ ಅಳತೆ ಕೊಡಿ.