ಕಾನೂನು ನಮಗಾಗಿ ಇಟ್ಟ ಕುರ್ಚಿ

ದೀಪಾವಳಿ ರಜೆ ಮುಗಿದ ಮೇಲೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ನಾನು ಮೊದಲು ತೆರೆಯುವುದು ಹಾಜರಿ ಪುಸ್ತಕ. ಬಾರದ ಮಕ್ಕಳು ಹೆಚ್ಚಾಗಿ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಹೋಗಿರುತ್ತಾರೆ. ಆದರೆ ‘ಪುಣ್ಯಾದಾಗ ಮನಿಕೆಲ್ಸ ಸಿಕ್ಕೈತ್ರಿ ಗುರೂಜಿ’, ‘ಆಕಿ ಲಗ್ನ ಆತ್ರಿ’ ಎಂಬ ಉತ್ತರ ಬಂದರೆ ನಾನು ಅಲ್ಲಿಗೇ ಬಿಡುವುದಿಲ್ಲ. ಕರೆದೊಯ್ದವರು ಯಾರು? ವಿಳಾಸ ಎಲ್ಲಿದೆ? ದುಡ್ಡೇನಾದರೂ ಕೊಟ್ಟಿದ್ದಾರೆಯೇ? ಲಗ್ನದ ಮಾತಾದರೆ ನೇರ ಗ್ರಾಮಸೇವಕರ ಬಳಿ ಹೋಗುತ್ತೇನೆ. ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯುವ ಅಧಿಕಾರಿ ಅವರೇ.

ಇಷ್ಟೆಲ್ಲ ಕೇಳುವುದೇಕೆಂದರೆ, ಮಾನವ ಕಳ್ಳಸಾಗಣೆ ಎಂದರೆ ಎತ್ತಿಹಾಕಿಕೊಂಡು ಹೋಗುವುದಷ್ಟೇ ಅಲ್ಲ. ಮುಕಾದಮ (ಕೂಲಿ ಗುತ್ತಿಗೆದಾರ) ಕೊಟ್ಟ ಉಚಲ (ಮುಂಗಡ) ತೀರುವ ತನಕ ಕೆಲಸ ಬಿಡುವಂತಿಲ್ಲ ಎಂದರೆ, ಅದು 1976ರ ಕಾಯ್ದೆ ನಿಷೇಧಿಸಿದ ಜೀತ. 2023ರ ಜೂನ್‌ನಲ್ಲಿ ಪಕ್ಕದ ಧಾರಾಶಿವ ಜಿಲ್ಲೆಯಲ್ಲಿ ಬಾವಿ ತೋಡಲು ತಂದು ಸರಪಳಿ ಬಿಗಿದಿಟ್ಟಿದ್ದ ಕೂಲಿಗಳನ್ನು ಢೋಕಿ ಪೊಲೀಸರು ಬಿಡಿಸಿದರು. ಒಬ್ಬ ತಪ್ಪಿಸಿಕೊಂಡು ಊರು ಸೇರಿ ಹೇಳಿದ ಮೇಲೆಯೇ ಅದು ಬಯಲಾದದ್ದು.

ಹೇಳುವವರಿಲ್ಲದೆ ಸರ್ಕಾರಕ್ಕೆ ಗೊತ್ತಾಗುವುದಿಲ್ಲ. ಇದು ಕಾನೂನು ಮಾಡಿದವರಿಗೂ ತಿಳಿದಿತ್ತು. ಜೀತದ ಕಾಯ್ದೆಯ ಜಿಲ್ಲಾ ಜಾಗೃತ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರಾದರೂ, ಪರಿಶಿಷ್ಟ ಜಾತಿ-ಪಂಗಡದ ಮೂವರು, ಸಮಾಜಸೇವಕರು ಇಬ್ಬರು ಅದರಲ್ಲಿರಬೇಕು. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಹಾಜರುಪಡಿಸಬೇಕಾದ ಮಕ್ಕಳ ಕಲ್ಯಾಣ ಸಮಿತಿಯಲ್ಲೂ ಮಕ್ಕಳ ನಡುವೆ ದುಡಿದವರಿಗೆ ಸ್ಥಾನವಿದೆ. ಕಾಣೆಯಾದ ಪ್ರತಿ ಮಗುವಿಗೂ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು ‘ಬಚಪನ್ ಬಚಾವೋ ಆಂದೋಲನ’ ಹೂಡಿದ ಅರ್ಜಿಯ ಮೇಲೆ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ತನಿಖೆ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. 1098 ಮಕ್ಕಳ ಸಹಾಯವಾಣಿಯೂ 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಶುರುವಾಗಿ, 2023ರಲ್ಲಿ ಸರ್ಕಾರದ ಕೈಗೆ ಬಂತು.

ಸೊಲ್ಲಾಪುರದಲ್ಲಿ ಭಾಷೆಯ ಕೊರತೆಯೊಂದನ್ನೂ ನಾವು ತುಂಬಬೇಕು. ಕಲಬುರಗಿ ಕಡೆಯಿಂದ ಪುಣೆ, ಮುಂಬೈಗೆ ಹೋಗುವ ರೈಲುಗಳು ಈ ನಿಲ್ದಾಣ ದಾಟಿಯೇ ಹೋಗುತ್ತವೆ. ಇಲ್ಲಿ ಪೊಲೀಸರು ಇಳಿಸಿದ ಹುಡುಗಿಗೆ ಕನ್ನಡವಷ್ಟೇ ಬರುತ್ತಿದ್ದು, ಪ್ರಶ್ನೆಗಳೆಲ್ಲ ಮರಾಠಿಯಲ್ಲಿದ್ದರೆ ಹೆದರಿದ ಮಗು ತಲೆಯಾಡಿಸುತ್ತದೆ. ಜೊತೆಗಿರುವ ‘ಮಾಮಾ’ನೇ ಉತ್ತರ ಕೊಡುತ್ತಾನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಹೇಳಿಕೆ ಪಡೆಯುವಾಗ ದುಭಾಷಿಯ ನೆರವು ಪಡೆಯಲು ಅವಕಾಶವಿದೆ. ಆದರೆ ಅಪರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕು?

ನಮಗೇ ಮಾಡಲಿ. ಎರಡೂ ಭಾಷೆ ಬಲ್ಲ ಶಿಕ್ಷಕರು, ನಿವೃತ್ತರು, ಕನ್ನಡ ಸಂಘದವರು ಜಿಲ್ಲಾ ಬಾಲ ಸಂರಕ್ಷಣ ಘಟಕಕ್ಕೆ ಹೆಸರು, ನಂಬರು ಬರೆದುಕೊಡೋಣ. ಸಮಿತಿಗಳಲ್ಲಿ ಖಾಲಿ ಸ್ಥಾನವಿದ್ದರೆ ಅರ್ಜಿಯನ್ನೂ ಹಾಕೋಣ.